ಲಿಲಿಯನ್ ವಾಲ್ಡ್ ಎಂದರೆ ಎರಡು ಅಂಕದ ಪ್ರಶ್ನೆ ಮಾತ್ರವೇ? ಮನೆಮನೆಗೆ ಹೋದ ನರ್ಸ್ ಬಗ್ಗೆ ಒಂದು ಚರ್ಚೆ

ನರ್ಸಿಂಗ್_ಪಾಠ_ಧಾರವಾಡ

ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರಿಗೆಲ್ಲ ಸಮುದಾಯ ಆರೋಗ್ಯ ಶುಶ್ರೂಷೆಯ ಮೊದಲ ಅಧ್ಯಾಯದಲ್ಲಿ ಈ ಹೆಸರು ಸಿಕ್ಕಿರುತ್ತದೆ. ಲಿಲಿಯನ್ ವಾಲ್ಡ್, 1893, ನ್ಯೂಯಾರ್ಕ್, ಹೆನ್ರಿ ಸ್ಟ್ರೀಟ್. ಬಾಯಿಪಾಠ ಮಾಡಿ, ಬರೆದು, ಮರೆತು ಬಿಡುತ್ತೇವೆ. ಈಗ ಅದೇ ಅಧ್ಯಾಯವನ್ನು ನಾನು ಪಾಠ ಮಾಡುತ್ತಿದ್ದೇನೆ. ಅದಕ್ಕಾಗಿ ಆಕೆಯ ಬಗ್ಗೆ ಸ್ವಲ್ಪ ಹೆಚ್ಚೇ ಓದಿದೆ. ಓದಿದ ಮೇಲೆ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

1867ರಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಹುಟ್ಟಿದವಳು. ಜರ್ಮನಿ ಕಡೆಯಿಂದ ಬಂದ ಅನುಕೂಲಸ್ಥ ಯಹೂದಿ ಮನೆತನ. ಬೆಳೆದದ್ದು ರೋಚೆಸ್ಟರ್‌ನಲ್ಲಿ. ಹದಿನಾರರ ವಯಸ್ಸಿಗೇ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಳು, ಇನ್ನೂ ಚಿಕ್ಕವಳು ಎಂದು ಅವರು ಸೇರಿಸಿಕೊಳ್ಳಲಿಲ್ಲ. ಅಕ್ಕನ ಆರೈಕೆಗೆಂದು ಮನೆಗೆ ಬಂದ ನರ್ಸ್ ಒಬ್ಬಳನ್ನು ನೋಡಿ ಈ ವೃತ್ತಿಯ ಕಡೆ ಮನಸ್ಸಾಯಿತು. 1891ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯ ನರ್ಸಿಂಗ್ ಶಾಲೆಯಿಂದ ಪಾಸಾದಳು. ಆಮೇಲೆ ವೈದ್ಯಕೀಯ ಕಾಲೇಜಿಗೂ ಸೇರಿದಳು.

1893ರಲ್ಲಿ ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ ವಲಸೆ ಬಂದ ಹೆಂಗಸರಿಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವುದು ಹೇಗೆ ಎಂದು ಕಲಿಸುತ್ತಿದ್ದಳು. ಅಂದು ತರಗತಿಯಲ್ಲಿ ಹಾಸಿಗೆ ಹಾಸುವ ಪಾಠ. ಒಂದು ಪುಟ್ಟ ಹುಡುಗಿ ಬಂದು, ಅಮ್ಮನಿಗೆ ಹುಷಾರಿಲ್ಲ ಬನ್ನಿ ಎಂದಳು. ಲಡ್ಲೋ ಸ್ಟ್ರೀಟ್‌ನ ಹಿಂಬದಿಯ ವಠಾರ, ಎರಡು ಕೋಣೆಯಲ್ಲಿ ಏಳು ಜನರ ಸಂಸಾರ, ಅದರ ಮೇಲೆ ಬಾಡಿಗೆ ಕೊಟ್ಟು ಮಲಗುವ ಹೊರಗಿನವರು. ಬಾಣಂತಿ ಎರಡು ದಿನದ ಹಿಂದಿನ ರಕ್ತದ ಕೊಳೆಯಲ್ಲೇ ಮಲಗಿದ್ದಳು. ವಾಲ್ಡ್ ಆಕೆಯನ್ನು ಶುಚಿ ಮಾಡಿದಳು, ಹಾಸಿಗೆ ಬದಲಿಸಿದಳು. ವೈದ್ಯಕೀಯ ಓದನ್ನು ಅಲ್ಲಿಗೇ ಬಿಟ್ಟಳು.

ಪುಸ್ತಕಗಳಲ್ಲಿ ಈ ಕತೆ ಇಲ್ಲಿಗೆ ನಿಲ್ಲುತ್ತದೆ. ಕರುಣೆ ಇದ್ದವಳು, ಕಣ್ಣೀರು ಒರೆಸಿದಳು ಎಂಬಂತೆ. ನನಗೆ ಮುಖ್ಯ ಎನಿಸುವುದು ಇದರ ಮುಂದಿನ ಭಾಗ. ಸಹಪಾಠಿ ಮೇರಿ ಬ್ರೂಸ್ಟರ್ ಜತೆ ಸೇರಿ ಅವಳು ತಾನೇ ಕೆಲವು ಷರತ್ತುಗಳನ್ನು ಹಾಕಿಕೊಂಡಳು. ನರ್ಸ್ ಅದೇ ಓಣಿಯಲ್ಲಿ ವಾಸ ಮಾಡಬೇಕು. ವೈದ್ಯರು ಹೇಳಿ ಕಳಿಸಿದರೆ ಮಾತ್ರ ಅಲ್ಲ, ಮನೆಯವರು ನೇರವಾಗಿ ಕರೆದರೂ ಹೋಗಬೇಕು. ಯಾವ ಧರ್ಮದ ಪ್ರಚಾರಕ್ಕೂ ಸೇರಿರಬಾರದು. ಕೊಡಬಲ್ಲವರು 10ರಿಂದ 25 ಸೆಂಟ್ ಕೊಡಲಿ, ಆಗದವರಿಗೆ ಉಚಿತ. ಮೊದಲು ಜೆಫರ್ಸನ್ ಸ್ಟ್ರೀಟ್‌ನ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಇದ್ದರು. 1895ರಲ್ಲಿ ಬ್ಯಾಂಕರ್ ಜೇಕಬ್ ಶಿಫ್ ಹೆನ್ರಿ ಸ್ಟ್ರೀಟ್‌ನ 265ನೇ ನಂಬರಿನ ಮನೆ ಕೊಡಿಸಿದ. ಎರಡೇ ನರ್ಸ್‌ಗಳಿಂದ ಶುರುವಾದದ್ದು 1913ರ ಹೊತ್ತಿಗೆ 92 ನರ್ಸ್‌ಗಳಾಗಿ, ವರ್ಷಕ್ಕೆ ಎರಡು ಲಕ್ಷ ಮನೆಭೇಟಿಯಾಗಿ ಬೆಳೆಯಿತು.

ನನ್ನ ವಾದ ಇಷ್ಟೇ. ವಾಲ್ಡ್ ಕಟ್ಟಿದ್ದು ದಾನ ಧರ್ಮದ ಸಂಸ್ಥೆಯನ್ನಲ್ಲ. ನರ್ಸ್‌ಗೆ ತನ್ನದೇ ಕಣ್ಣು, ತನ್ನದೇ ನಿರ್ಧಾರ ಇರಬಹುದು ಎಂಬ ಒಂದು ಹುದ್ದೆಯನ್ನು ಕಟ್ಟಿದಳು. ಅದು ನಂತರ ಏನಾಯಿತು, ಎಲ್ಲಿ ತಪ್ಪಿಹೋಯಿತು ಎಂಬುದನ್ನು ಬಲ್ಲವರು ಬರೆಯಿರಿ.


ಪಿಎಚ್‌ಸಿ_ಡಾಕ್ಟರ್

ಮೇಡಂ, ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ವೈದ್ಯರ ಸೂಚನೆ ಇಲ್ಲದೆ ನರ್ಸ್ ಮನೆಗೆ ಹೋಗಿ ಚಿಕಿತ್ಸೆ ಶುರು ಮಾಡಿದರೆ ಹೊಣೆ ಯಾರದು? ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುವವನು. ನಮ್ಮ ಸಿಸ್ಟರ್‌ಗಳ ಮೇಲೆ ನನಗೆ ಪೂರ್ಣ ನಂಬಿಕೆ ಇದೆ. ಆದರೂ ಹೆರಿಗೆಯ ನಂತರದ ರಕ್ತಸ್ರಾವದಂಥ ಸಂದರ್ಭದಲ್ಲಿ ಒಂದು ಗಂಟೆ ತಡವಾದರೂ ಜೀವ ಹೋಗುತ್ತದೆ. ಅಲ್ಲಿ ಸ್ವಾತಂತ್ರ್ಯಕ್ಕಿಂತ ಬೇಗ ಮೇಲಿನ ಆಸ್ಪತ್ರೆಗೆ ಕಳಿಸುವುದು ದೊಡ್ಡದು.


ನರ್ಸಿಂಗ್_ಪಾಠ_ಧಾರವಾಡ

ಸರ್, ಆಗಲೂ ಕೆಲವು ವೈದ್ಯರು ಇದೇ ಆಕ್ಷೇಪ ಎತ್ತಿದ್ದರು. ತಮ್ಮ ರೋಗಿಗಳನ್ನು ನರ್ಸ್‌ಗಳು ಕಸಿದುಕೊಳ್ಳುತ್ತಾರೆ ಎಂಬ ಅಳುಕೂ ಇತ್ತು. ವಾಲ್ಡ್ ವೈದ್ಯರನ್ನು ದೂರ ಇಟ್ಟವಳಲ್ಲ. ಅವಳ ನರ್ಸ್‌ಗಳು ಮನೆಗೆ ಮೊದಲು ಹೋಗುತ್ತಿದ್ದರು, ಯಾರಿಗೆ ಡಾಕ್ಟರ್ ಬೇಕು, ಯಾರನ್ನು ಆಸ್ಪತ್ರೆಗೆ ಸಾಗಿಸಬೇಕು, ಯಾರಿಗೆ ಮನೆಯಲ್ಲೇ ಆರೈಕೆ ಸಾಕು ಎಂದು ಗುರುತಿಸುತ್ತಿದ್ದರು. ಬಡವರ ಮನೆಗೆ ವೈದ್ಯರೇ ಬರುತ್ತಿರಲಿಲ್ಲ. ಹಾಗಿರುವಾಗ ಅವರು ಹೇಳಿ ಕಳಿಸಲಿ ಎಂದು ಕಾಯುತ್ತ ಕೂತರೆ ಯಾರೂ ಹೋಗುವುದಿಲ್ಲ. ನೀವು ಹೇಳಿದ ಆ ಒಂದು ಗಂಟೆಯಲ್ಲಿ ರಕ್ತಸ್ರಾವ ಆಗುತ್ತಿದೆ ಎಂದು ಗುರುತಿಸುವವರು ಯಾರು, ಅದೇ ಅವಳ ಪ್ರಶ್ನೆ.

ಇನ್ನೊಂದು ಸಂಗತಿ. ಅವಳು ನಗರದ ಆರೋಗ್ಯ ಮಂಡಳಿಯ ಅಧ್ಯಕ್ಷರನ್ನು ಕಂಡು ಒಂದು ಬಿಲ್ಲೆ ಮಾಡಿಸಿಕೊಂಡಳು. ಆರೋಗ್ಯ ಮಂಡಳಿಯ ಆಶ್ರಯದಲ್ಲಿರುವ ಸಂದರ್ಶಕ ನರ್ಸ್ ಎಂದು ಅದರ ಮೇಲೆ ಕೆತ್ತಿತ್ತು. ಸಂಬಳ ಸರ್ಕಾರದ್ದಲ್ಲ, ಮಾತಿಗೆ ಮಾತ್ರ ಸರ್ಕಾರದ ತೂಕ ಬಂತು. ಕೊಳೆತ ಚರಂಡಿ, ಕಸ ಎತ್ತದ ಓಣಿ, ಪಾಯಿಖಾನೆ ಇಲ್ಲದ ವಠಾರ, ಇವನ್ನೆಲ್ಲ ವರದಿ ಮಾಡುವ ಹಕ್ಕು ಸಿಕ್ಕಿತು. ಶಿಫ್‌ಗೆ ಪ್ರತಿ ತಿಂಗಳೂ ವಿವರವಾಗಿ ಪತ್ರ ಬರೆಯುತ್ತಿದ್ದಳು. ಇಂಥ ಮನೆಯಲ್ಲಿ ಟೈಫಾಯಿಡ್, ಇಂಥವನಿಗೆ ಕೆಲಸ ಹೋಗಿದೆ, ಈ ಮಗುವಿಗೆ ಹಾಲು ಕೊಡಿಸಿದೆ ಎಂದು. 1893 ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತದ ವರ್ಷ. ಕಾಯಿಲೆ ಮತ್ತು ನಿರುದ್ಯೋಗ ಒಂದೇ ಮನೆಯಲ್ಲಿ ಕೂತಿದ್ದನ್ನು ಆ ಪತ್ರಗಳು ತೋರಿಸುತ್ತವೆ.


ಇತಿಹಾಸ_ಓದುಗ

ನನ್ನದು ಸ್ವಲ್ಪ ಬೇರೆ ರಾಗ. ಈ ಕೆಲಸಕ್ಕೆ ವಾಲ್ಡ್‌ಳೇ ಮೊದಲಿಗಳು ಎಂದು ಯಾರಾದರೂ ಅಂದುಕೊಂಡರೆ, ಆ ಮಾತನ್ನು ಜೋಪಾನವಾಗಿ ಬಳಸೋಣ. ಮನೆಗೆ ನರ್ಸ್ ಕಳಿಸುವ ಕೆಲಸ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1859ರಲ್ಲೇ ಶುರುವಾಗಿತ್ತು. ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ, ಹೆಂಡತಿಯ ಕೊನೆಗಾಲದಲ್ಲಿ ನೋಡಿಕೊಂಡಿದ್ದ ಮೇರಿ ರಾಬಿನ್ಸನ್ ಎಂಬ ನರ್ಸ್‌ಳನ್ನೇ ಬಡವರ ಮನೆಗಳಿಗೆ ಹೋಗಲು ನೇಮಿಸಿದ. ಆಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಸಲಹೆಯಿಂದ ಅದು ಬೆಳೆಯಿತು. ನ್ಯೂಯಾರ್ಕ್‌ನಲ್ಲೂ 1877ರಲ್ಲೇ ಒಂದು ಕ್ರೈಸ್ತ ಮಿಷನ್ ತರಬೇತಿ ಪಡೆದ ನರ್ಸ್‌ಗಳನ್ನು ಮನೆಗಳಿಗೆ ಕಳಿಸುತ್ತಿತ್ತು.

ಇನ್ನು ಹಣದ ವಿಷಯ. ಶಿಫ್ ವಾಲ್ ಸ್ಟ್ರೀಟ್‌ನ ದೊಡ್ಡ ಕುಳ. ಬಡವರ ಓಣಿಗೆ ಶ್ರೀಮಂತರ ದುಡ್ಡು ಬಂದಾಗ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂದು ತೀರ್ಮಾನಿಸುವವರು ದಾನಿಗಳೇ ಆಗಿಬಿಡುತ್ತಾರೆ. ವಾಲ್ಡ್ ಕೂಡ ಇದಕ್ಕೆ ಹೊರತಲ್ಲ ಎಂದು ನನ್ನ ಅನಿಸಿಕೆ.


ಕರಾವಳಿ_ಸಿಸ್ಟರ್

ಉಡುಪಿ ಕಡೆಯವಳು, ಈಗ ನ್ಯೂಯಾರ್ಕ್ ಪಕ್ಕದಲ್ಲೇ ಇದ್ದೇನೆ, ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವುದೇ ನನ್ನ ಕೆಲಸ. ಇತಿಹಾಸ ಓದುಗರಿಗೆ ಒಂದು ಉತ್ತರ ಕೊಡಬೇಕು.

ದಾನಿಗಳ ಅಂಕೆಯಲ್ಲಿದ್ದಳು ಎಂದಿರಿ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಹೆಂಗಸರ ಶಾಂತಿ ಮೆರವಣಿಗೆ ನಡೆಯಿತು. ಅದರ ಮುಂದಾಳುಗಳಲ್ಲಿ ಇವಳೂ ಒಬ್ಬಳು. ಅಮೆರಿಕ ಯುದ್ಧಕ್ಕೆ ಇಳಿಯಬಾರದು ಎನ್ನುವ ಸಂಘದ ನೇತೃತ್ವ ವಹಿಸಿದಳು. ಹೆನ್ರಿ ಸ್ಟ್ರೀಟ್‌ಗೆ ಬರುತ್ತಿದ್ದ ದಾನ ಇದರಿಂದ ಕೈತಪ್ಪಿತು, ಆದರೂ ನಿಲುವು ಬದಲಿಸಲಿಲ್ಲ. 1919ರಲ್ಲಿ ಸೆನೆಟ್‌ನ ಉಪಸಮಿತಿಯ ಮುಂದೆ ಶಾಂತಿವಾದಿಗಳ ಹೆಸರಿನ ಒಂದು ಪಟ್ಟಿ ಇಟ್ಟರು, ದೇಶಕ್ಕೆ ನಿಷ್ಠರಲ್ಲದವರು ಎಂಬ ಧ್ವನಿಯಲ್ಲಿ. ಅದರಲ್ಲಿ ಶಿಕಾಗೊದ ಸಮಾಜ ಸೇವಕಿ ಜೇನ್ ಆಡಮ್ಸ್ ಹೆಸರೂ ಇತ್ತು, ಲಿಲಿಯನ್ ವಾಲ್ಡ್ ಹೆಸರೂ ಇತ್ತು.

ಅದಕ್ಕೆ ಕೆಲವೇ ತಿಂಗಳ ಹಿಂದೆ ಇದೇ ಹೆಂಗಸು ಏನು ಮಾಡುತ್ತಿದ್ದಳು ನೋಡಿ. 1918ರ ಇನ್‌ಫ್ಲುಯೆಂಜಾ. ಎಷ್ಟೋ ನರ್ಸ್‌ಗಳು ಸೈನ್ಯಕ್ಕೆ ಹೋಗಿದ್ದರು. ನಗರದ ನರ್ಸಿಂಗ್ ಸಂಸ್ಥೆಗಳನ್ನೆಲ್ಲ ಒಂದೇ ತುರ್ತು ಮಂಡಳಿಗೆ ತಂದು ಅದರ ಮುಖ್ಯಸ್ಥೆಯಾದಳು. ಫಿಫ್ತ್ ಅವೆನ್ಯೂದ ದೊಡ್ಡ ಅಂಗಡಿಗಳ ಮೆಟ್ಟಿಲ ಮೇಲೆ ಹೆಂಗಸರನ್ನು ನಿಲ್ಲಿಸಿ, ಹೋಗಿ ಬರುವವರಿಗೆ ಕರಪತ್ರ ಹಂಚಿಸಿದಳು. ನರ್ಸ್ ಆಗಿದ್ದವರು ಬನ್ನಿ, ಅಡುಗೆ ಮಾಡಬಲ್ಲವರು ಬನ್ನಿ, ಕಾರು ಇದ್ದವರು ಬನ್ನಿ ಎಂದು. ಕೋವಿಡ್ ಕಾಲದಲ್ಲಿ ಇಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ಒಂದೇ ಕಡೆಯಿಂದ ನೋಡುವವರು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದು ಆ ಪರಿಸ್ಥಿತಿಯಲ್ಲಿ ಇದ್ದವರಿಗೇ ಗೊತ್ತು.


ಸಬ್‌ಸೆಂಟರ್_ಅಕ್ಕ_ಗದಗ

ನಾ ರಿಟಾಯರ್ ಆದಾಕಿ. ಎಎನ್‌ಎಂ ಅಂತ ಸೇರಿದೆ, ಈಗ ಆ ಹುದ್ದೆಕ್ಕ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು ಆಗೇತಿ. ಊರಾಗಿನವರಿಗೆ ಮಾತ್ರ ನಾ ಕಡೀತನಕ ನರ್ಸಬಾಯಿನೇ.

ಆ ಅಮೆರಿಕಾದಾಕಿ ಓಣ್ಯಾಗ ಮನಿ ಮಾಡಿದ್ಲು ಅಂತ ಬರದೀರಲ್ಲ ಮೇಡಂ, ಅದು ನನಗ ಭಾಳ ಹಿಡಿಸ್ತು. ನಾವೂ ಸಬ್ ಸೆಂಟರ್ ಕ್ವಾರ್ಟರ್ಸ್‌ನ್ಯಾಗ ಇರತಿದ್ವಿ. ರಾತ್ರಿ ಬಂದು ಬಾಗಿಲಾ ಬಡೀತಿದ್ರು. ಊರಾಗ ಇದ್ರ ಯಾರ ಮನ್ಯಾಗ ಸೊಸಿಗೆ ಉಣ್ಣಾಕ ಸರಿಯಾಗಿ ಹಾಕಂಗಿಲ್ಲ, ಯಾರ ಮನ್ಯಾಗ ಮುದುಕಪ್ಪ ಕೆಮ್ಮಾಕ ಹತ್ತಿ ತಿಂಗಳಾತು, ಎಲ್ಲಾ ತಾನಾಗೇ ಗೊತ್ತಾಗತೈತಿ. ಬಸ್ಸಿನ್ಯಾಗ ಬಂದು ಬಸ್ಸಿನ್ಯಾಗ ಹ್ವಾದ್ರ ಕಾರ್ಡ್ ತುಂಬಿಸಿ ಬರೂದಷ್ಟ ಆಗತೈತಿ.

ಒಂದು ಕಥಿ ಹೇಳ್ತೀನಿ. ಸಾಲ್ಯಾಗ ಒಬ್ಬ ಹುಡುಗಗ ಮೈ ತುಂಬ ಕಜ್ಜಿ. ಬೇರೆ ಹುಡುಗರಿಗೆ ಹತ್ತತೈತಿ ಅಂತ ಅವನ್ನ ಮನಿಗೆ ಕಳಿಸಿಬಿಟ್ಟಿದ್ರು. ಎಷ್ಟ ದಿನ ಆದ್ರೂ ವಾಪಸ್ ಬರವಲ್ಲ. ನಾ ಮನಿಗೆ ಹೋಗಿ ನೋಡಿದ್ರ ಮನಿ ಮಂದಿಗೆಲ್ಲ ಕಜ್ಜಿ. ಒಬ್ಬಗ ಔಷಧ ಹಚ್ಚಿದ್ರ ಹೋಗಂಗಿಲ್ಲದು. ಎಲ್ಲಾರಿಗೂ ಒಂದ ದಿನ ಮೈತುಂಬ ಹಚ್ಚಿಸಿ, ಕೌದಿ ಬಟ್ಟಿ ಎಲ್ಲಾ ಬಿಸಿನೀರಾಗ ಹಾಕಿಸಿ ಬಿಸಲಿಗೆ ಒಣಗಿಸಿದ್ವಿ. ಅವ ಸಾಲಿಗೆ ಹೋದ. ಹುಡುಗನ್ನ ಹೊರಗ ಹಾಕೂದು ಸಸಾರ. ಮನಿತನಕ ಹೋಗಾವರು ಬೇಕಲ್ಲ.


ನರ್ಸಿಂಗ್_ಪಾಠ_ಧಾರವಾಡ

ಅಕ್ಕಾರ, ನೀವು ಹೇಳಿದ್ದು ಓದಿ ಮೈ ಜುಂ ಎಂದಿತು. ಯಾಕೆಂದರೆ ಇಂಥದೇ ಒಂದು ಕತೆಯಿಂದ ಶಾಲಾ ನರ್ಸ್ ಎಂಬ ಹುದ್ದೆ ಅಮೆರಿಕದಲ್ಲಿ ಹುಟ್ಟಿದ್ದು.

ವಾಲ್ಡ್ 1915ರ ತನ್ನ ಪುಸ್ತಕದಲ್ಲಿ ಲೂಯಿ ಎಂಬ ಹನ್ನೆರಡು ವರ್ಷದ ಹುಡುಗನ ಬಗ್ಗೆ ಬರೆದಿದ್ದಾಳೆ. ತಲೆಯಲ್ಲಿ ಎಕ್ಸಿಮಾ ಹುಣ್ಣು. ಶಾಲೆಗೆ ಹೋದಾಗೆಲ್ಲ ಟೀಚರ್ ಮನೆಗೆ ಕಳಿಸುತ್ತಿದ್ದರು. ಹೀಗಾಗಿ ಅಕ್ಷರ ಕಲಿಯದೆಯೇ ಅಷ್ಟು ದೊಡ್ಡವನಾಗಿದ್ದ. ಮುಲಾಮು ಹಚ್ಚಿ, ತಾಯಿಗೆ ಹೇಗೆ ಹಚ್ಚಬೇಕೆಂದು ತೋರಿಸಿ, ಕೊನೆಗೆ ಅವನನ್ನು ಶಾಲೆಗೆ ಸೇರಿಸಿದರು.

1897ರಿಂದ ನ್ಯೂಯಾರ್ಕ್ ಶಾಲೆಗಳಿಗೆ ತಪಾಸಣೆಗೆ ವೈದ್ಯರು ಬರುತ್ತಿದ್ದರು. ಅವರ ಕೆಲಸ ಕಾಯಿಲೆಯ ಮಕ್ಕಳನ್ನು ಗುರುತಿಸಿ ಹೊರಗೆ ಕಳಿಸುವುದಷ್ಟೇ. ಟ್ರಕೋಮಾ ಎಂಬ ಕಣ್ಣಿನ ಸೋಂಕು, ಹೇನು, ಹುಳುಕಡ್ಡಿ, ಕಜ್ಜಿ. ಮನೆಗೆ ಕಳಿಸಿದ ಮಗುವಿಗೆ ಔಷಧ ಸಿಕ್ಕಿತೇ ಎಂದು ನೋಡುವವರಿರಲಿಲ್ಲ. ಹೊರಗೆ ಹಾಕಿದ ಮಕ್ಕಳು ಸಂಜೆ ಅದೇ ಬೀದಿಯಲ್ಲಿ ಅದೇ ಗೆಳೆಯರ ಜತೆ ಆಡುತ್ತಿದ್ದರು. 1902ರಲ್ಲಿ ವಾಲ್ಡ್ ಆರೋಗ್ಯ ಇಲಾಖೆಗೆ ಒಂದು ಪ್ರಸ್ತಾಪ ಇಟ್ಟಳು. ಒಂದು ತಿಂಗಳಿಗೆ ನನ್ನ ಒಬ್ಬ ನರ್ಸ್‌ಳನ್ನು ಕೊಡುತ್ತೇನೆ, ಕೆಲಸ ಆಗುತ್ತದೆ ಎಂದು ಕಂಡರೆ ನಗರವೇ ಸಂಬಳ ಕೊಟ್ಟು ಮುಂದುವರಿಸಬೇಕು. ಆ ನರ್ಸ್ ಲೀನಾ ರೋಜರ್ಸ್ ಅಕ್ಟೋಬರ್‌ನಲ್ಲಿ ನಾಲ್ಕು ಶಾಲೆಗಳಲ್ಲಿ ಶುರು ಮಾಡಿದಳು, ಸುಮಾರು ಹತ್ತು ಸಾವಿರ ಮಕ್ಕಳು. ಬೆಳಿಗ್ಗೆ ಶಾಲೆಯಲ್ಲೇ ಔಷಧ ಹಚ್ಚುವುದು, ಮಧ್ಯಾಹ್ನದ ಮೇಲೆ ಮನೆಗಳಿಗೆ ಹೋಗುವುದು. 1902ರ ಸೆಪ್ಟೆಂಬರ್‌ನಲ್ಲಿ 10,567 ಮಕ್ಕಳನ್ನು ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗಿಟ್ಟಿದ್ದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಆ ಸಂಖ್ಯೆ 1,101.

ಅವಳ ಕಾರ್ಯವೈಖರಿಯೇ ಅದು ಎಂದು ನನಗೆ ಅನಿಸಿದೆ. ಸಣ್ಣದಾಗಿ ಮಾಡಿ ತೋರಿಸುವುದು, ಲೆಕ್ಕ ಇಡುವುದು, ಆಮೇಲೆ ಹಣ ಕೊಡುವ ಹೊಣೆ ಯಾರದೋ ಅವರ ಹೆಗಲಿಗೆ ಹೊರಿಸುವುದು. ಶಾಲೆಗೆ ನಗರಸಭೆ. 1909ರಲ್ಲಿ ಮೆಟ್ರೊಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿ: ವಾರವಾರ ಚಿಲ್ಲರೆ ಕಾಸು ಕಟ್ಟಿ ಪಾಲಿಸಿ ಮಾಡಿಸಿದ್ದ ಕಾರ್ಮಿಕರ ಮನೆಗೆ ನರ್ಸ್ ಹೋದರೆ ಸಾವು ಕಡಿಮೆಯಾಗುತ್ತದೆ, ಕಂಪನಿಗೂ ಲಾಭ ಎಂದು ಒಪ್ಪಿಸಿದಳು. ಹಳ್ಳಿಗಳಿಗೆ ರೆಡ್ ಕ್ರಾಸ್. ಮಕ್ಕಳಿಗೆ ಕೇಂದ್ರ ಸರ್ಕಾರ. ಹತ್ತಿ ಬೆಳೆಗೆ ಹುಳ ಬಿದ್ದರೆ ಸರ್ಕಾರದ ಮಂತ್ರಿ ಓಡಿ ಹೋಗುತ್ತಾರೆ, ಮಕ್ಕಳು ಸತ್ತರೆ ಕೇಳುವ ಇಲಾಖೆಯೇ ಇಲ್ಲವಲ್ಲ ಎಂಬ ಮಾತಿನಿಂದ ಶುರುವಾಗಿ, ಸಮಾಜ ಸುಧಾರಕಿ ಫ್ಲಾರೆನ್ಸ್ ಕೆಲ್ಲಿ ಜತೆ ಸುಮಾರು ಒಂಬತ್ತು ವರ್ಷ ಹೋರಾಡಿ 1912ರಲ್ಲಿ ಅಮೆರಿಕದ ಮಕ್ಕಳ ಬ್ಯೂರೋ ಆಯಿತು. ಜೂಲಿಯಾ ಲೇಥ್ರಪ್ ಅದರ ಮೊದಲ ಮುಖ್ಯಸ್ಥೆ.


ಇತಿಹಾಸ_ಓದುಗ

ಶಾಂತಿ ಚಳವಳಿಯ ವಿಷಯದಲ್ಲಿ ಕರಾವಳಿ ಸಿಸ್ಟರ್ ಹೇಳಿದ್ದು ಸರಿ, ದಾನಿಗಳ ಅಂಕೆ ಎಂಬ ನನ್ನ ಮಾತಿಗೆ ಅದು ಬಲವಾದ ಉತ್ತರ. ಆದರೆ ವಿಮಾ ಕಂಪನಿಯ ಪ್ರಸಂಗವನ್ನು ಪೂರ್ತಿ ಹೇಳಬೇಕು. ಆ ಸೇವೆ ದೇಶವಿಡೀ ಹರಡಿತು, ಕೆನಡಾಕ್ಕೂ ಹೋಯಿತು, ಲಕ್ಷಾಂತರ ಮನೆಗಳಿಗೆ ನರ್ಸ್ ಬಂದಳು. 1953ರ ಆರಂಭದಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಸಾಂಕ್ರಾಮಿಕ ರೋಗಗಳು ಇಳಿದಿದ್ದವು, ಜನ ಆಸ್ಪತ್ರೆಗೆ ಹೋಗತೊಡಗಿದ್ದರು, ನರ್ಸ್ ಕಳಿಸಿದರೆ ಕಂಪನಿಗೆ ಮೊದಲಿನ ಲಾಭ ಇರಲಿಲ್ಲ. ಲಾಭದ ಲೆಕ್ಕದಿಂದ ಬಂದದ್ದು ಲಾಭದ ಲೆಕ್ಕದಿಂದಲೇ ಹೋಯಿತು. ವಾಲ್ಡ್ ಅಷ್ಟು ಹೊತ್ತಿಗೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಆದರೂ ಆ ದಾರಿ ತೆರೆದವಳು ಅವಳೇ.

ಕಪ್ಪು ಜನರ ವಿಷಯವೂ ಇದೆ. 1906ರಲ್ಲಿ ಎಲಿಜಬೆತ್ ಟೈಲರ್ ಎಂಬ ಕಪ್ಪು ನರ್ಸ್ ಹೆನ್ರಿ ಸ್ಟ್ರೀಟ್ ಸೇರಿದಳು. ಆಕೆಗೆ ಕಪ್ಪು ರೋಗಿಗಳನ್ನೇ ಒಪ್ಪಿಸಿದ್ದರು. ಆ ಓಣಿಗಳಲ್ಲಿ ಅವರ ಮನೆ ಎಲ್ಲಿದೆ ಎಂದು ಕಟ್ಟಡ ನೋಡಿಕೊಳ್ಳುವ ಆಳುಗಳನ್ನು ಕೇಳಿ ಕೇಳಿ ಹುಡುಕಿದಳು. ಆಮೇಲೆ ಸ್ಯಾನ್ ಹ್ವಾನ್ ಹಿಲ್ ಎಂಬಲ್ಲಿ ಕಪ್ಪು ಜನರಿಗೇ ಸ್ಟಿಲ್‌ಮನ್ ಹೌಸ್ ಎಂಬ ಶಾಖೆ ಆಯಿತು. ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಎಂಬ ಏರ್ಪಾಟನ್ನು ವಾಲ್ಡ್ ಮುರಿಯಲಿಲ್ಲ.


ಕರಾವಳಿ_ಸಿಸ್ಟರ್

ನಿಜ, ಅದು ಇದ್ದ ಸಂಗತಿ. ಸಂಬಳ ಮಾತ್ರ ಬಿಳಿ ನರ್ಸ್‌ಗಳಷ್ಟೇ ಕೊಡುತ್ತಿದ್ದಳು, ಆ ಕಾಲಕ್ಕೆ ಅದು ಅಪರೂಪದ ಮಾತು. 1909ರಲ್ಲಿ ಕಪ್ಪು ಜನರ ಹಕ್ಕಿಗಾಗಿ ನಡೆದ ರಾಷ್ಟ್ರೀಯ ಸಮಾವೇಶದ ಪ್ರತಿನಿಧಿಗಳಿಗೆ ಸತ್ಕಾರ ಏರ್ಪಡಿಸಿದ್ದು ಹೆನ್ರಿ ಸ್ಟ್ರೀಟ್‌ನ ಮನೆಯಲ್ಲಿ. ಕಪ್ಪು, ಬಿಳಿ ಜನ ಒಟ್ಟಿಗೆ ಕೂತು ಉಣ್ಣುವುದೇ ದೊಡ್ಡ ಸುದ್ದಿಯಾಗುತ್ತಿದ್ದ ಕಾಲ ಅದು. ಎಲಿಜಬೆತ್ ಟೈಲರ್ ಮತ್ತು ಆಕೆಗಿಂತ ಮುಂಚೆ 1900ರಲ್ಲಿ ಇದೇ ಊರಿನಲ್ಲಿ ಕ್ಷಯರೋಗಿಗಳ ಮನೆಗೆ ಹೋಗುತ್ತಿದ್ದ ಜೆಸ್ಸಿ ಸ್ಲೀಟ್, ಇವರಿಬ್ಬರ ಹೆಸರನ್ನು ನಮ್ಮ ನರ್ಸಿಂಗ್ ಪುಸ್ತಕದಲ್ಲಿ ನಾನು ನೋಡಿಯೇ ಇಲ್ಲ. ಮೇಡಂ, ಪಾಠದಲ್ಲಿ ಇವರನ್ನೂ ಸೇರಿಸಿ.

ನನಗೆ ದೊಡ್ಡ ನಷ್ಟ ಎನಿಸುವುದು ಬೇರೆ. ವಾಲ್ಡ್‌ಳ ನರ್ಸ್ ಒಂದೇ ಭೇಟಿಯಲ್ಲಿ ಎಲ್ಲ ಮಾಡುತ್ತಿದ್ದಳು. ನ್ಯುಮೋನಿಯಾ ಬಂದ ಗಂಡಸಿನ ಮೈ ಒರೆಸುವಾಗಲೇ ಹಸುಗೂಸಿನ ತೂಕ ನೋಡುತ್ತಿದ್ದಳು, ಕಿಟಕಿ ತೆರೆಸುತ್ತಿದ್ದಳು, ದೊಡ್ಡ ಮಗಳು ಶಾಲೆ ಬಿಟ್ಟು ಮನೆಯಲ್ಲಿ ಕೂತು ಹೊಲಿಗೆ ಯಾಕೆ ಹಾಕುತ್ತಿದ್ದಾಳೆ ಎಂದು ಕೇಳುತ್ತಿದ್ದಳು. ಕ್ರಮೇಣ ಇದು ಎರಡು ಹೋಳಾಯಿತು. ನಗರದ ಆರೋಗ್ಯ ಇಲಾಖೆಯ ನರ್ಸ್‌ಗಳು ಲಸಿಕೆ, ತಾಯಿ ಮಕ್ಕಳ ತಪಾಸಣೆ, ಸಲಹೆ, ಅಷ್ಟೇ. ರೋಗಿಯ ಮೈ ಮುಟ್ಟುವುದು ಖಾಸಗಿ ಸಂಸ್ಥೆಗಳ ಪಾಲು. 1924ರ ಕಾನೂನು ವಲಸೆಯನ್ನೇ ಬಿಗಿ ಮಾಡಿತು, ಆ ಓಣಿಗಳೂ ಬದಲಾದವು. 1944ರಲ್ಲಿ ಹೆನ್ರಿ ಸ್ಟ್ರೀಟ್‌ನಿಂದ ನರ್ಸಿಂಗ್ ವಿಭಾಗ ಬೇರೆ ಸಂಸ್ಥೆಯಾಯಿತು. ಅದೇ ಸಂಸ್ಥೆ 2022ರಲ್ಲಿ ವಿಎನ್‌ಎಸ್ ಹೆಲ್ತ್ ಎಂದು ಹೆಸರು ಬದಲಿಸಿಕೊಂಡು ಈಗಲೂ ಇದೆ. 265ನೇ ನಂಬರಿನ ಮನೆಯಲ್ಲಿ ವಾಲ್ಡ್ ಕಟ್ಟಿದ ಮೂಲ ಸಂಸ್ಥೆ, ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್ ಕೂಡ ಇದೆ, ನಾನು ಹೋಗಿ ನೋಡಿದ್ದೇನೆ. ಕೆಂಪು ಇಟ್ಟಿಗೆಯ ಹಳೆಯ ಮನೆ, ಸುತ್ತ ಈಗ ಚೀನೀ ಅಂಗಡಿಗಳು.

ಇಲ್ಲಿ ಮೆಡಿಕೇರ್, ಅಂದರೆ ಮುಖ್ಯವಾಗಿ ವೃದ್ಧರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, 1965ರಲ್ಲಿ ಬಂತು. ಅದರ ನಿಯಮದಂತೆ ನಾನು ಒಬ್ಬರ ಮನೆಗೆ ಹೋಗಬೇಕಾದರೆ ವೈದ್ಯರು ಅಥವಾ ಅನುಮತಿ ಇರುವ ನರ್ಸ್ ಪ್ರ್ಯಾಕ್ಟಿಷನರ್‌ಗಳಂಥವರ ಕಡೆಯಿಂದ ಆದೇಶ ಬೇಕು, ರೋಗಿ ಮನೆ ಬಿಟ್ಟು ಹೊರಡಲು ಆಗದ ಸ್ಥಿತಿಯಲ್ಲಿರಬೇಕು, ತರಬೇತಿ ಪಡೆದ ನರ್ಸ್ ಮಾತ್ರ ಮಾಡಬಲ್ಲ ಕೆಲಸ ಇರಬೇಕು. ಗಾಯ ವಾಸಿಯಾಯಿತೋ, ನನ್ನ ಭೇಟಿ ಮುಗಿಯಿತು. ಅದೇ ಮನೆಯ ಅಜ್ಜಿ ಒಬ್ಬಳೇ ಇದ್ದಾಳೆ, ಫ್ರಿಜ್ ಖಾಲಿ ಇದೆ ಎಂದು ಗೊತ್ತಿದ್ದರೂ ಅದಕ್ಕೆ ಭೇಟಿ ಇಲ್ಲ. ಪಕ್ಕದ ಮನೆಯವರು ಬಂದು ನಮ್ಮ ಮನೆಗೂ ಬನ್ನಿ ಎಂದರೆ ಹೋಗುವ ಹಾಗಿಲ್ಲ. 1893ರಲ್ಲಿ ಆ ಪುಟ್ಟ ಹುಡುಗಿ ಕರೆದಂತೆ ಇಂದು ಯಾರಾದರೂ ನನ್ನನ್ನು ಕರೆದರೆ, ಮೊದಲು ಫೋನ್ ನಂಬರ್ ಕೊಟ್ಟು ಅವರ ವಿಮೆ ಯಾವುದು ಎಂದು ಕೇಳಬೇಕು.


ಸಬ್‌ಸೆಂಟರ್_ಅಕ್ಕ_ಗದಗ

ತಂಗಿ, ಇಲ್ಲೂ ಅದ ಆಗೇತಿ, ಬ್ಯಾರೆ ರೀತಿಯಿಂದ. ನಮಗ ಕೊಟ್ಟಿದ್ದು ಗರ್ಭಿಣಿ, ಬಾಣಂತಿ, ಕೂಸು, ಲಸಿಕೆ, ಆಪರೇಷನ್ ಟಾರ್ಗೆಟ್. ಈಗ ಬಿಪಿ ಸಕ್ಕರಿ ಕಾಯಿಲೆನೂ ಬಂದಾವ, ಆದ್ರ ನೋಡಿ ಬರಕೊಂಡು ಬರೂದಷ್ಟ. ಲಕ್ವಾ ಹೊಡದು ಮಲಗಿದವರ ಬೆನ್ನಾಗ ಹುಣ್ಣಾದ್ರ ಅದು ಯಾರ ರಜಿಸ್ಟರ್‌ನ್ಯಾಗೂ ಇಲ್ಲ. ನಾ ಹೋಗಿ ತೊಳದು ಪಟ್ಟಿ ಕಟ್ಟತಿದ್ದೆ, ಮನಿ ಮಂದಿಗೆ ಮಗ್ಗಲಾ ಬದಲಿ ಮಾಡಾಕ ಕಲಸತಿದ್ದೆ. ಮೀಟಿಂಗ್‌ನ್ಯಾಗ ಅದನ್ನ ಯಾರೂ ಕೇಳಂಗಿಲ್ಲ. ಕೇಳೂದು ಎಷ್ಟ ಎಂಟ್ರಿ ಆದ್ವು ಅಂತ.

ಅದಕ್ಕ ನನಗ ಅನ್ಸೂದು, ಹಾಸಿಗಿ ಹಿಡದವರನ್ನ ನೋಡಿದ್ರನ ಮಂದಿ ನಮ್ಮ ಮಾತ ಕೇಳತಾರ. ಮುದುಕಿ ಹುಣ್ಣ ತೊಳದ ಮನ್ಯಾಗ ಲಸಿಕಿಗೆ ಒಬ್ರೂ ಬ್ಯಾಡ ಅಂದಿಲ್ಲ.


ಪಿಎಚ್‌ಸಿ_ಡಾಕ್ಟರ್

ಅಕ್ಕ, ಈ ಕೊನೆಯ ಮಾತನ್ನು ನಾನು ನಮ್ಮ ತಿಂಗಳ ಸಭೆಯಲ್ಲಿ ಹೇಳುತ್ತೇನೆ. ಲಸಿಕೆ ಬೇಡ ಎನ್ನುವ ಮನೆಗಳ ಪಟ್ಟಿ ಹಿಡಿದು ಅರಿವು ಮೂಡಿಸಿ ಎಂದು ಆದೇಶ ಬರುತ್ತದೆ. ಆ ಮನೆಯ ಬೇರೆ ಯಾವ ಕಷ್ಟಕ್ಕೆ ನಾವು ಹೋಗಿದ್ದೇವೆ ಎಂದು ಯಾರೂ ಕೇಳುವುದಿಲ್ಲ.

ಮೇಲೆ ನಾನು ಕೇಳಿದ ಹೊಣೆಯ ಪ್ರಶ್ನೆ ಹಾಗೆಯೇ ಇದೆ. ಅದಕ್ಕೆ ಉತ್ತರ ತರಬೇತಿಯಲ್ಲಿದೆ ಎಂದು ನನ್ನ ನಂಬಿಕೆ. ಮನೆಯಲ್ಲಿ ಒಬ್ಬಳೇ ನಿಂತು ನಿರ್ಧಾರ ಮಾಡುವವಳಿಗೆ ವಾರ್ಡಿನ ನರ್ಸ್‌ಗಿಂತ ಹೆಚ್ಚು ಕಲಿಕೆ ಬೇಕು. ವಾಲ್ಡ್ ಈ ಬಗ್ಗೆ ಏನಾದರೂ ಮಾಡಿದಳೇ?


ಇತಿಹಾಸ_ಓದುಗ

ಡಾಕ್ಟರ್ ಸರ್, ಮಾಡಿದ್ದಾಳೆ. ಇದು ಅವಳ ಕೆಲಸದಲ್ಲಿ ಜನ ಕಡಿಮೆ ಮಾತಾಡುವ ಭಾಗ. 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಅಡಿಲೇಡ್ ನಟ್ಟಿಂಗ್ ನೇತೃತ್ವದ ನರ್ಸಿಂಗ್ ಮತ್ತು ಆರೋಗ್ಯ ವಿಭಾಗ ಬೆಳೆಯಲು ವಾಲ್ಡ್‌ಳ ಒತ್ತಾಸೆ ಇತ್ತು. ವಿದ್ಯಾರ್ಥಿನಿಯರು ಕ್ಷೇತ್ರಕಾರ್ಯ ಕಲಿಯಲು ಹೆನ್ರಿ ಸ್ಟ್ರೀಟ್‌ಗೆ ಬರುತ್ತಿದ್ದರು. 1912ರಲ್ಲಿ ಸಾರ್ವಜನಿಕ ಆರೋಗ್ಯ ನರ್ಸಿಂಗ್‌ಗೆ ಅಮೆರಿಕದ ರಾಷ್ಟ್ರೀಯ ಸಂಘಟನೆ ಹುಟ್ಟಿತು, ಅದರ ಮೊದಲ ಅಧ್ಯಕ್ಷೆ ಅವಳೇ. ಯಾರು ಬೇಕಾದರೂ ಮನೆಗೆ ಹೋಗಬಹುದು ಎಂಬುದಕ್ಕೆ ತಡೆ ಹಾಕಿ ಅರ್ಹತೆ ನಿಗದಿ ಮಾಡುವುದು ಅದರ ಉದ್ದೇಶಗಳಲ್ಲೊಂದು.

ಆಮೇಲೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ ನರ್ಸಿಂಗ್ ಶಿಕ್ಷಣದ ಅಧ್ಯಯನಕ್ಕೆ ಒಂದು ಸಮಿತಿಯಾಯಿತು. ಮೊದಲ ಉದ್ದೇಶ ಸಾರ್ವಜನಿಕ ಆರೋಗ್ಯ ನರ್ಸ್‌ಗಳ ತರಬೇತಿಯನ್ನು ನೋಡುವುದಷ್ಟೇ. ನೋಡುತ್ತ ಹೋದಂತೆ ನರ್ಸಿಂಗ್ ಶಾಲೆಗಳ ಬುಡವೇ ಅಲ್ಲಾಡುತ್ತಿದೆ ಎಂದು ಗೊತ್ತಾಯಿತು: ವಿದ್ಯಾರ್ಥಿನಿಯರನ್ನು ಆಸ್ಪತ್ರೆಗಳು ಕೂಲಿಯಿಲ್ಲದ ಆಳುಗಳಂತೆ ದುಡಿಸುತ್ತಿದ್ದವು. ಜೋಸೆಫೀನ್ ಗೋಲ್ಡ್‌ಮಾರ್ಕ್ ಬರೆದ ವರದಿ 1923ರಲ್ಲಿ ಹೊರಬಂತು. ಸಮಿತಿಯಲ್ಲಿ ವಾಲ್ಡ್ ಇದ್ದಳು. ಹೆನ್ರಿ ಸ್ಟ್ರೀಟ್‌ನಲ್ಲಿ ನರ್ಸ್‌ಗಳ ಮುಖ್ಯಸ್ಥೆಯಾಗಿದ್ದ ಆ್ಯನಿ ಗುಡ್‌ರಿಚ್ ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಹೊಸ ನರ್ಸಿಂಗ್ ಶಾಲೆಯ ಮೊದಲ ಡೀನ್ ಆದಳು.

ಅದೇ ರಾಕ್‌ಫೆಲ್ಲರ್ ಪ್ರತಿಷ್ಠಾನ ಮೈಸೂರು ಸಂಸ್ಥಾನಕ್ಕೂ ಬಂತು. 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾದದ್ದು ಅದರ ನೆರವಿನಿಂದಲೇ. ವಾಲ್ಡ್‌ಗೂ ಮಂಡ್ಯಕ್ಕೂ ನೇರ ನಂಟು ಇದೆ ಎಂದು ನಾನು ಹೇಳುತ್ತಿಲ್ಲ. ಮೈಸೂರಿನ ಆರೋಗ್ಯ ಇತಿಹಾಸ ಓದುವ ಗೆಳೆಯರು ಆ ಕಾಲದ ಆಡಳಿತ ವರದಿಗಳನ್ನು ಈ ಕಣ್ಣಿನಿಂದಲೂ ನೋಡಲಿ ಎಂಬುದು ನನ್ನ ಆಸೆ. ಮಲೇರಿಯಾ, ಕೊಕ್ಕೆಹುಳ ಎಂದು ಓದಿ ಬಿಡುತ್ತೇವೆ, ಮನೆಗೆ ಹೋದವರು ಯಾರು ಎಂದು ಕೇಳುವುದಿಲ್ಲ.


ಅಂತಿಮ_ವರ್ಷ_ನರ್ಸಿಂಗ್

ನಾನು ವಿದ್ಯಾರ್ಥಿನಿ. ನಮ್ಮ ತರಗತಿಯಲ್ಲಿ ಹೆಚ್ಚಿನವರಿಗೆ ಐಸಿಯು ಅಥವಾ ಹೊರದೇಶ ಬೇಕು. ಸಮುದಾಯ ಆರೋಗ್ಯ ಎಂದರೆ ಬಿಸಿಲಲ್ಲಿ ಬ್ಯಾಗ್ ಹಿಡಿದು ಸರ್ವೆ ಮಾಡುವುದು ಎಂದುಕೊಂಡಿದ್ದೇವೆ. ಬ್ಯಾಗ್ ಟೆಕ್ನಿಕ್, ಅಂದರೆ ಮನೆಭೇಟಿಯ ಚೀಲವನ್ನು ಸೋಂಕು ತಗಲದಂತೆ ಬಳಸುವ ಕ್ರಮ, ಪ್ರಾಕ್ಟಿಕಲ್‌ಗೆ ಮಾತ್ರ ಕಲಿತೆವು, ಕೆಳಗೆ ಪೇಪರ್ ಹಾಸಬೇಕು, ಕೈ ತೊಳೆಯಬೇಕು, ಅಷ್ಟೇ. ಈ ಚರ್ಚೆ ಓದಿದ ಮೇಲೆ ಕೇಳಬೇಕು ಅನಿಸಿತು. ಮನೆಗೆ ಹೋದಾಗ ಮೊದಲು ಏನು ನೋಡಬೇಕು?


ಸಬ್‌ಸೆಂಟರ್_ಅಕ್ಕ_ಗದಗ

ಅಡಗಿ ಮನಿ ನೋಡವ್ವ. ನೀರ ಎಲ್ಲಿ ಇಟ್ಟಾರ, ಒಲಿ ಎಂಥಾದು, ಡಬ್ಬಿಯೊಳಗ ಬ್ಯಾಳಿ ಐತೋ ಇಲ್ಲೋ. ಆಮ್ಯಾಲ ಮೂಲ್ಯಾಗ ಯಾರ ಕುಂತಾರ ನೋಡು. ಮಾತಾಡಾಕ ಮುಂದ ಬರಾವರು ಆರಾಮ ಇರತಾರ, ಮೂಲ್ಯಾಗ ಕುಂತಾವರಿಗೆ ಏನಾರ ಆಗಿರತೈತಿ. ಕುಂದ್ರು ಅಂದ್ರ ಕುಂದ್ರು, ಚಾ ಕೊಟ್ರ ಕುಡಿ. ಕಾರ್ಡ್ ಕಡೀಕ ತಗಿ.


ಕರಾವಳಿ_ಸಿಸ್ಟರ್

ಅಕ್ಕ ಹೇಳಿದ್ದಕ್ಕೆ ನಾನು ಒಂದೇ ಸೇರಿಸುತ್ತೇನೆ. ಮನೆಯವರು ಕೊಡುತ್ತಿರುವ ಔಷಧದ ಡಬ್ಬಿಗಳನ್ನೆಲ್ಲ ತರಿಸಿ ನೋಡು. ಚೀಟಿಯಲ್ಲಿ ಬರೆದದ್ದೇ ಒಂದು, ಡಬ್ಬಿಯಲ್ಲಿ ಇರುವುದೇ ಒಂದು. ಇದು ಉಡುಪಿಯಲ್ಲೂ ಕಂಡಿದ್ದೇನೆ, ಇಲ್ಲೂ ದಿನಾ ಕಾಣುತ್ತೇನೆ.

ಹೊರದೇಶಕ್ಕೆ ಬರುವುದು ತಪ್ಪಲ್ಲ ತಂಗಿ. ಬಂದರೂ ಆಸ್ಪತ್ರೆಯೊಂದೇ ಎಂದುಕೊಳ್ಳಬೇಡ, ಮನೆಗಳಿಗೆ ಹೋಗುವ ನರ್ಸ್‌ಗಳ ಕೊರತೆ ಇಲ್ಲೂ ಬಹಳ ಇದೆ.


ನರ್ಸಿಂಗ್_ಪಾಠ_ಧಾರವಾಡ

ಇತಿಹಾಸ ಓದುಗರ ಟೀಕೆಗಳನ್ನೂ, ಟೈಲರ್ ಮತ್ತು ಸ್ಲೀಟ್ ಹೆಸರುಗ‌ಳನ್ನೂ ಪಾಠಕ್ಕೆ ಸೇರಿಸುತ್ತೇನೆ. ವಾಲ್ಡ್ 1933ರಲ್ಲಿ ನಿವೃತ್ತಳಾಗಿ 1940ರಲ್ಲಿ ತೀರಿಕೊಂಡಳು ಎಂಬಲ್ಲಿಗೆ ಪಾಠ ಮುಗಿಸದೆ, 1953ರ ವಿಮಾ ಕಂಪನಿಯ ತೀರ್ಮಾನದವರೆಗೂ ಹೇಳುವ ಯೋಚನೆ ಇದೆ.

ಈ ಸಲದ ಕ್ಷೇತ್ರಕಾರ್ಯದಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇನೆ. ನಮೂನೆ ತುಂಬಿಸುವುದರ ಜತೆಗೆ, ಪ್ರತಿ ವಿದ್ಯಾರ್ಥಿನಿ ತಾನು ಹೋದ ಒಂದು ಮನೆಯ ಬಗ್ಗೆ ವಾಲ್ಡ್ ಶಿಫ್‌ಗೆ ಬರೆಯುತ್ತಿದ್ದಂತೆ ಒಂದು ಪತ್ರ ಬರೆಯಬೇಕು, ಹೆಸರು ವಿಳಾಸ ಇಲ್ಲದೆ. ಯಾರಿಗೆ ಬರೆಯಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ: ಪಂಚಾಯಿತಿ ಪಿಡಿಒಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ, ಶಾಲೆಯ ಹೆಡ್‌ಮಾಸ್ಟರ್‌ಗೆ. ಆ ಮನೆಯ ಯಾವ ಕಷ್ಟಕ್ಕೆ ಯಾರು ಹಣ ಕೊಡಬೇಕು ಎಂದು ಅದರಲ್ಲಿ ಇರಲೇಬೇಕು.

ಗದಗಿನ ಅಕ್ಕಾರ, ನಿಮ್ಮ ಕಜ್ಜಿ ಹುಡುಗನ ಕತೆಯನ್ನು ಲೂಯಿಯ ಕತೆಯ ಪಕ್ಕದಲ್ಲಿ ಇಟ್ಟು ಪಾಠ ಮಾಡಲೇ?


ಸಬ್‌ಸೆಂಟರ್_ಅಕ್ಕ_ಗದಗ

ಮಾಡ್ರಿ. ಊರ ಹೆಸರ ಹೇಳಬ್ಯಾಡ್ರಿ, ಹುಡುಗ ಈಗ ದೊಡ್ಡಾಂವ ಆಗ್ಯಾನ. ಕೌದಿ ಬಿಸಿನೀರಾಗ ಹಾಕಿಸಿದ್ದು ಮಾತ್ರ ಮರೀದ ಹೇಳ್ರಿ, ಹುಡುಗ್ಯಾರು ಬರೇ ಔಷಧ ಹಚ್ಚಿ ಬರತಾರ.